ಅಮೆರಿಕದಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಇತರರನ್ನೂ ಬಿಡಿಸಿದ ಹ್ಯಾರಿಯೆಟ್ ಟಬ್‌ಮನ್ 300 ಗುಲಾಮರನ್ನು ಪಾರು ಮಾಡಿದ್ದು ನಿಜವೇ? ಹೇಗೆ ಮಾಡುತ್ತಿದ್ದರು?

300 ಎಂಬುದು ಹಳೆಯ ಜೀವನಚರಿತ್ರೆಯಿಂದ ಹಬ್ಬಿದ ಉತ್ಪ್ರೇಕ್ಷೆ. ಈಗಿನ ಇತಿಹಾಸಕಾರರ ಲೆಕ್ಕ ಸುಮಾರು 13 ಪ್ರಯಾಣ, 70 ಜನ. ಇದನ್ನು ಕಡಿಮೆ ಎನ್ನಬೇಡಿ. 1849ರಲ್ಲಿ ತಾವೇ ತಪ್ಪಿಸಿಕೊಂಡಿದ್ದ ಮೇರಿಲ್ಯಾಂಡ್‌ಗೆ ಅವರು ಮತ್ತೆ ಮತ್ತೆ ಮರಳಿದರು. ಚಿಕ್ಕವಯಸ್ಸಿನಲ್ಲಿ ತಲೆಗೆ ಬಿದ್ದ ಕಬ್ಬಿಣದ ತೂಕದ ಕಲ್ಲಿನ ಪೆಟ್ಟಿನಿಂದಾಗಿ ದಾರಿಯಲ್ಲೇ ಹಠಾತ್ತನೆ ನಿದ್ದೆಗೆ ಜಾರುವ ತೊಂದರೆಯೂ ಅವರಿಗಿತ್ತು.

ರಾತ್ರಿ ದೀರ್ಘವಾಗಿರುವ ಚಳಿಗಾಲವನ್ನೇ ಅವರು ಹೆಚ್ಚಾಗಿ ಆರಿಸುತ್ತಿದ್ದರು. ಹೊರಡುವುದು ಶನಿವಾರ ರಾತ್ರಿ, ಏಕೆಂದರೆ ಪರಾರಿಯಾದವರ ಜಾಹೀರಾತು ಸೋಮವಾರದವರೆಗೆ ಪತ್ರಿಕೆಯಲ್ಲಿ ಬರುತ್ತಿರಲಿಲ್ಲ. ಕೂಸುಗಳು ಅಳದಂತೆ ಅಫೀಮು ಬೆರೆತ ಔಷಧಿ ಕೊಡುತ್ತಿದ್ದರು. ಹೆದರಿ ಹಿಂತಿರುಗುತ್ತೇನೆ ಎಂದವರಿಗೆ ಪಿಸ್ತೂಲು ತೋರಿಸುತ್ತಿದ್ದರು. ಇದು ಕ್ರೌರ್ಯವಲ್ಲ: ಮರಳಿದ ಒಬ್ಬರನ್ನು ಹೊಡೆದು ಬಾಯಿಬಿಡಿಸಿದರೆ ಆಶ್ರಯ ಕೊಟ್ಟ ಮನೆಗಳೆಲ್ಲ ಬಯಲಾಗುತ್ತಿದ್ದವು. ಓದುಬರಹ ಬಾರದ ಅವರು 1854ರಲ್ಲಿ ಜೇಕಬ್ ಜಾಕ್ಸನ್ ಎಂಬ ಸ್ವತಂತ್ರ ಕಪ್ಪು ವ್ಯಕ್ತಿಗೆ ಪತ್ರ ಬರೆಸಿ, ಪ್ರಾರ್ಥನೆಯ ಮಾತಿನಲ್ಲಿ ಅಡಗಿಸಿ ಸಹೋದರರಿಗೆ ಸಿದ್ಧರಾಗಿರಲು ಸೂಚಿಸಿದರು. ಆ ಕ್ರಿಸ್‌ಮಸ್‌ಗೆ ಅವರನ್ನು ಕರೆದೊಯ್ದರು.

ವಿಲ್ಮಿಂಗ್ಟನ್‌ನಲ್ಲಿ ಗುಲಾಮಗಿರಿ ವಿರೋಧಿ ಥಾಮಸ್ ಗ್ಯಾರೆಟ್ ಹಣ, ಬೂಟು ಒದಗಿಸುತ್ತಿದ್ದರು. ಫಿಲಡೆಲ್ಫಿಯಾದಲ್ಲಿ ಪರಾರಿಯಾದವರಿಗೆ ನೆರವಾಗುತ್ತಿದ್ದ ವಿಲಿಯಂ ಸ್ಟಿಲ್ ಬಂದವರ ವಿವರ ದಾಖಲಿಸಿಕೊಳ್ಳುತ್ತಿದ್ದರು. ಪರಾರಿಯಾದ ಗುಲಾಮರ ಕುರಿತ 1850ರ ಕಾಯ್ದೆಯ ನಂತರ ಗುಲಾಮಗಿರಿ ಇಲ್ಲದ ಉತ್ತರದ ರಾಜ್ಯಗಳಲ್ಲೂ ಹಿಡಿದು ಒಡೆಯರಿಗೆ ಒಪ್ಪಿಸುವ ಭಯವಿದ್ದುದರಿಂದ ದಾರಿ ಕೆನಡಾದ ಸೇಂಟ್ ಕ್ಯಾಥರೀನ್ಸ್‌ವರೆಗೂ ಬೆಳೆಯಿತು.

ನೂರಾರು ಜನರ ಬಿಡುಗಡೆಗೆ ಗಟ್ಟಿ ಆಧಾರವಿರುವುದು ಬೇರೆ ಘಟನೆಗೆ. 1863ರ ಜೂನ್ 2ರಂದು ದಕ್ಷಿಣ ಕೆರೊಲಿನಾದ ಕಾಂಬಾಹೀ ನದಿಯಲ್ಲಿ ಅಂತರ್ಯುದ್ಧದಲ್ಲಿ ಉತ್ತರದ ಪಕ್ಷವಾದ ಯೂನಿಯನ್ ಸೇನೆ ನಡೆಸಿದ ದಾಳಿಗೆ ಅವರು ಬೇಹುಗಾರ್ತಿಯಾಗಿ ದಾರಿ ತೋರಿಸಿದರು. ಅಂದು 700ಕ್ಕೂ ಹೆಚ್ಚು ಜನ ಬಿಡುಗಡೆಯಾದರು.