ಈಮ್ಯಾಕ್ಸ್‌ನಲ್ಲಿ ಎರಡು ವಿಂಡೋಗಳ ಪಠ್ಯವನ್ನು ತಾಳೆ ನೋಡುವಾಗ ಸಾಲುಸಾಲಿಗೂ ನಿಲ್ಲುವುದನ್ನು ತಪ್ಪಿಸುವುದು ಹೇಗೆ?

ಈಮ್ಯಾಕ್ಸ್ ಎಂಬ ಪಠ್ಯ ತಿದ್ದುವ ತಂತ್ರಾಂಶದಲ್ಲಿ ಒಂದೇ ಬರಹದ ಎರಡು ಕರಡುಗಳನ್ನು ಅಕ್ಕಪಕ್ಕದ ವಿಂಡೋಗಳಲ್ಲಿ ತೆರೆದು, ಅವನ್ನು ಹೋಲಿಸುವ ‘ಕಂಪೇರ್-ವಿಂಡೋಸ್’ ಕಮಾಂಡ್ ಕೊಟ್ಟರೆ ಸಾಲು ಮುರಿದಲ್ಲೆಲ್ಲ ನಿಲ್ಲುತ್ತದೆ, ಪ್ಯಾರಾ ಸೇರಿಸಿದ ಕಡೆ ಎಲ್ಲೆಲ್ಲಿಗೋ ಹೋಗಿ ಜೋಡಿಸಿಕೊಳ್ಳುತ್ತದೆ, ನೋಡಲು ಒಂದೇ ರೀತಿ ಇರುವ ಪದದ ಮೇಲೂ ತಡೆಯುತ್ತದೆ ಎಂದು ಬರೆದಿದ್ದೀರಿ. ಇವು ಮೂರು ಬೇರೆ ಬೇರೆ ತೊಂದರೆಗಳು. ಕರಡು ತಿದ್ದುವ ಕೆಲಸದಲ್ಲಿ ದಿನವೂ ಇದೇ ಕಮಾಂಡನ್ನು ಬಳಸುವುದರಿಂದ ನನಗೆ ಮೂರೂ ಎದುರಾಗಿವೆ.

ಕಮಾಂಡ್ ಮಾಡುವ ಕೆಲಸ ಸರಳ. ಎರಡೂ ಕಡೆ ಕರ್ಸರ್ ಇರುವಲ್ಲಿಂದ ಒಂದೊಂದೇ ಅಕ್ಷರ ಮುಂದೆ ಹೋಗಿ, ಹೊಂದದ ಅಕ್ಷರ ಸಿಕ್ಕಲ್ಲಿ ನಿಲ್ಲುತ್ತದೆ. ಅಲ್ಲಿಂದ ಮತ್ತೊಮ್ಮೆ ಕೊಟ್ಟರೆ, ಎರಡೂ ಕಡೆ ಪಠ್ಯ ಪುನಃ ಹೊಂದುವ ಜಾಗವನ್ನು ಹುಡುಕಿ ಅಲ್ಲಿ ನಿಲ್ಲುತ್ತದೆ. ಇವೆರಡನ್ನೂ ಒಂದೇ ಒತ್ತಿಗೆ ಸೇರಿಸಬಹುದಲ್ಲ ಎಂದು ಅನಿಸುತ್ತದೆ. ನಾನು ಸೇರಿಸಿಲ್ಲ. ವ್ಯತ್ಯಾಸ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಎಂಬುದು ಕಣ್ಣಿಗೆ ಬೀಳುವುದೇ ಆ ಎರಡು ನಿಲುಗಡೆಗಳಿಂದ.

ಸಾಲು ಮುರಿದ ತೊಂದರೆಗೆ ‘ಕಂಪೇರ್-ಇಗ್ನೋರ್-ವೈಟ್‌ಸ್ಪೇಸ್’ ಎಂಬ ವೇರಿಯಬಲನ್ನು, ಅಂದರೆ ನಾವು ಬದಲಿಸಬಹುದಾದ ಹೊಂದಿಕೆಯನ್ನು, ‘ಟಿ’ (ಹೌದು) ಎಂದು ಇಟ್ಟರೆ ಸಾಕು. ಆಗ ಒಂದು ಕಡೆ ಖಾಲಿ ಜಾಗ, ಇನ್ನೊಂದು ಕಡೆ ಹೊಸ ಸಾಲು ಇದ್ದರೂ ದಾಟಿ ಹೋಗುತ್ತದೆ. ಒಂದು ಸಲಕ್ಕೆ ಮಾತ್ರ ಬೇಡವೆಂದರೆ ಮೊದಲು ಕಂಟ್ರೋಲ್-ಯು ಒತ್ತಿ ಕಮಾಂಡ್ ಕೊಡಿ. ಇಲ್ಲಿ ಒಂದು ವಿಷಯ ನೆನಪಿರಲಿ: ಎರಡೂ ಕಡೆ ಏನಾದರೊಂದು ಖಾಲಿ ಜಾಗ ಇದ್ದರೆ ಮಾತ್ರ ದಾಟುತ್ತದೆ. ಒಂದು ಕರಡಿನಲ್ಲಿ ‘ಮಾಡಬೇಕಾಗಿದೆ’, ಇನ್ನೊಂದರಲ್ಲಿ ‘ಮಾಡಬೇಕಾಗಿ ಇದೆ’ ಎಂದಿದ್ದರೆ ಅಲ್ಲಿ ನಿಂತೇ ನಿಲ್ಲುತ್ತದೆ. ನಿಲ್ಲಲೇಬೇಕು, ಅದು ನಿಜವಾದ ತಿದ್ದುಪಡಿ.

ಪ್ಯಾರಾ ಸೇರಿದ ಕಡೆ ದಾರಿ ತಪ್ಪುವುದು ಇನ್ನೂ ಸೂಕ್ಷ್ಮ. ಮತ್ತೆ ಹೊಂದುವ ಜಾಗವನ್ನು ಹುಡುಕಲು ಅದು ಒಂದು ವಿಂಡೋದಿಂದ ತುಂಡು ಪಠ್ಯ ತೆಗೆದುಕೊಂಡು ಇನ್ನೊಂದರಲ್ಲಿ ಅರಸುತ್ತದೆ. ಆ ತುಂಡಿನ ಉದ್ದ ‘ಕಂಪೇರ್-ವಿಂಡೋಸ್-ಸಿಂಕ್-ಸ್ಟ್ರಿಂಗ್-ಸೈಜ್’ನಲ್ಲಿದೆ, ಮೊದಲಿಂದ ಇರುವ ಬೆಲೆ 32. ಆದರೆ ಕನ್ನಡದಲ್ಲಿ ವ್ಯಂಜನ, ಅರ್ಧಾಕ್ಷರದ ಗುರುತು (್), ಒತ್ತು, ಸ್ವರ ಚಿಹ್ನೆ ಎಲ್ಲವೂ ಬಿಡಿಬಿಡಿಯಾಗಿ ಎಣಿಕೆಗೆ ಬರುತ್ತವೆ. ‘ಕ್ಷೇ’ ಎಂಬ ಒಂದಕ್ಕೇ ನಾಲ್ಕು ಖರ್ಚು. ಹೀಗಾಗಿ 32 ಎಂದರೆ ನಾಲ್ಕೈದು ಪದ, ಅಷ್ಟೇ. ‘ಈ ಮೇಲೆ ಹೇಳಿದ ಕಾರಣಗಳಿಂದಾಗಿ’ ಎಂಬಂಥ ಮಾತು ಪದೇ ಪದೇ ಬರುವ ಬರಹದಲ್ಲಿ ಅದು ತಪ್ಪು ಜಾಗವನ್ನು ಸರಿಯೆಂದು ನಂಬುವುದು ಸಹಜ. ಗದ್ಯಕ್ಕೆ ನಾನು 60 ಇಟ್ಟಿದ್ದೇನೆ. ಹೆಚ್ಚಿಸಿದಷ್ಟೂ ವ್ಯತ್ಯಾಸಗಳು ದೊಡ್ಡ ದೊಡ್ಡ ತುಂಡುಗಳಾಗಿ ಕಾಣುತ್ತವೆ. ಆದ್ದರಿಂದ ಚಿಕ್ಕ ಚಿಕ್ಕ ಸಾಲುಗಳ ಪಟ್ಟಿಯಿದ್ದರೆ ಇಳಿಸಿ. ‘ಕಂಪೇರ್-ವಿಂಡೋಸ್-ಸಿಂಕ್’ಗೆ ಹುಡುಕಬೇಕಾದ ಪಠ್ಯದ ಮಾದರಿಯನ್ನು ಹೇಳುವ ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್ ಕೊಟ್ಟು, ಎರಡೂ ಕಡೆ ಮುಂದಿನ ತಲೆಬರಹಕ್ಕೆ ನೇರವಾಗಿ ಹೋಗುವಂತೆಯೂ ಮಾಡಬಹುದು.

ಮೂರನೆಯದು ನನ್ನನ್ನು ಒಂದು ಇಡೀ ಮಧ್ಯಾಹ್ನ ಕಾಡಿತ್ತು. ‘ಕೋಶ’ ಎಂಬ ಪದದ ಮೇಲೆ ಕರ್ಸರ್ ನಿಂತಿತ್ತು. ಎರಡೂ ಕಡೆ ‘ಕೋಶ’ವೇ, ಕೂದಲೆಳೆಯಷ್ಟೂ ಭೇದವಿಲ್ಲ. ಕಂಟ್ರೋಲ್-ಎಕ್ಸ್ ಒತ್ತಿ ಸಮ ಚಿಹ್ನೆ ಒತ್ತಿದರೆ ಕರ್ಸರ್ ಇರುವ ಅಕ್ಷರದ ಸಂಕೇತ ಸಂಖ್ಯೆ ಕಾಣುತ್ತದೆ; ಹಾಗೆ ಒತ್ತಿದಾಗ ಗುಟ್ಟು ಬಯಲಾಯಿತು. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಸಂಖ್ಯೆ ಕೊಡುವ ಪದ್ಧತಿಯೇ ಯೂನಿಕೋಡ್. ಯೂನಿಕೋಡ್‌ನಲ್ಲಿ ‘ಕೋ’ದ ಸ್ವರ ಚಿಹ್ನೆಯನ್ನು ಒಂದೇ ಸಂಕೇತವಾಗಿ ಇಡಬಹುದು, ಎತ್ವ, ಕೊಂಬಿನ ದೀರ್ಘ, ಕೊನೆಗೆ ದೀರ್ಘದ ಗುರುತು ಎಂದು ಮೂರು ಸಂಕೇತಗಳಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಅಕ್ಷರಕ್ಕೆ ಅಕ್ಷರ ತಾಳೆ ನೋಡುವ ಕಮಾಂಡಿಗೆ ಅವು ಬೇರೆ. ಇದಕ್ಕೆ ಮೇಲಿನ ಯಾವ ಹೊಂದಿಕೆಯೂ ಮದ್ದಲ್ಲ. ಎರಡೂ ಕರಡುಗಳ ಪ್ರತಿ ಮಾಡಿಕೊಂಡು, ಪ್ರತಿಗಳಲ್ಲಿ ಪೂರ್ತಿ ಪಠ್ಯವನ್ನು ಆಯ್ದು, ಇಂಥ ಬಿಡಿ ಸಂಕೇತಗಳನ್ನು ಒಂದಾಗಿಸುವ ‘ಯುಸಿಎಸ್-ನಾರ್ಮಲೈಜ್-ಎನ್‌ಎಫ್‌ಸಿ-ರೀಜನ್’ ಕೊಡಿ, ಆಮೇಲೆ ಹೋಲಿಸಿ. ಪ್ರತಿಗಳಲ್ಲೇ ಮಾಡಿ, ಏಕೆಂದರೆ ಅದು ಪಠ್ಯವನ್ನೇ ಬದಲಾಯಿಸುತ್ತದೆ. ‘ಸಾಫ್ಟ್‌ವೇರ್’ನಂಥ ಪದಗಳ ನಡುವೆ ಇರುವ ಕಣ್ಣಿಗೆ ಕಾಣದ ವಿಭಜಕ ಮಾತ್ರ ಇದರಿಂದ ಹೋಗುವುದಿಲ್ಲ.

ಗಮನವಿಲ್ಲದೆ ಬಹಳ ಮುಂದೆ ಹೋಗಿಬಿಟ್ಟರೆ ಗಾಬರಿ ಬೇಡ. ಹೊರಟ ಜಾಗವನ್ನು ಕಮಾಂಡ್ ಎರಡೂ ಕಡೆ ಗುರುತಿಟ್ಟಿರುತ್ತದೆ. ಆಯಾ ವಿಂಡೋದಲ್ಲಿ ಕಂಟ್ರೋಲ್-ಯು, ಕಂಟ್ರೋಲ್-ಸ್ಪೇಸ್ ಒತ್ತಿದರೆ ಹಿಂದಕ್ಕೆ ಬರುತ್ತೀರಿ.

ಈಮ್ಯಾಕ್ಸಿನಲ್ಲೇ ಇರುವ ಇನ್ನೊಂದು ಹೋಲಿಕೆಯ ಸಾಧನವಾದ ಇಡಿಫ್ ಬಳಸಿ ಎಂದು ನಿಮಗೆ ಹಲವರು ಹೇಳಬಹುದು. ಎರಡು ಪೂರ್ತಿ ಕಡತಗಳಿಗೆ ಅದು ಒಳ್ಳೆಯದೇ. ಆದರೆ ಒಂದೇ ಕಡತದ ನಡುವಿನ ಎರಡು ಭಾಗಗಳನ್ನು, ಕರ್ಸರ್ ಇಟ್ಟ ಜಾಗದಿಂದ ಹಾಗೆಯೇ ತಾಳೆ ನೋಡಲು ನನ್ನ ಕೈ ‘ಕಂಪೇರ್-ವಿಂಡೋಸ್’ ಕಡೆಗೇ ಹೋಗುತ್ತದೆ. ಇಷ್ಟು ಮಾಡಿದ ಮೇಲೂ ಯಾವುದಾದರೂ ಪದದ ಮೇಲೆ ನಿಂತರೆ, ಎರಡೂ ಕಡೆ ಸಮ ಚಿಹ್ನೆಯ ಆ ಕಮಾಂಡ್ ತೋರಿಸುವ ಸಂಕೇತ ಸಂಖ್ಯೆಗಳನ್ನು ಇಲ್ಲಿ ಬರೆಯಿರಿ, ನೋಡುತ್ತೇನೆ.