ಮೈಸೂರಿನಲ್ಲಿ ಕಾರ್ಪೊರೇಟ್ ಪ್ಯಾರಾಲೀಗಲ್ ಕೆಲಸ ಹೇಗಿರುತ್ತೆ? ಜೊತೆಗೆ ಸಮಾಜದ ಕೆಲಸಾನೂ ಮಾಡಬಹುದಾ?

ನೀವು ಮಂಡ್ಯದಲ್ಲಿ ಬಿ.ಕಾಂ. ಮುಗಿಸಿದ್ದೀರಿ. ಕಂಪನಿ ಸೇರಿಬಿಟ್ಟರೆ ಊರಿನ ಜನಕ್ಕೆ ಏನೂ ಮಾಡೋಕಾಗಲ್ಲವೇನೋ ಅಂತ ಕೇಳಿದ್ದೀರಿ. ನಾನು ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಂಪನಿಯ ಲೀಗಲ್ ವಿಭಾಗದಲ್ಲಿದ್ದೇನೆ, ಗೊತ್ತಿರುವಷ್ಟು ಹೇಳುತ್ತೇನೆ.

ಪ್ಯಾರಾಲೀಗಲ್ ಅಂದರೆ ವಕೀಲರಾಗದೆ ಕಾನೂನಿನ ಕಾಗದಪತ್ರ ನೋಡಿಕೊಳ್ಳುವವರು. ಇಲ್ಲಿ ಆ ಹೆಸರಿನಲ್ಲಿ ಹುಡುಕಿದರೆ ಕೆಲಸ ಜಾಸ್ತಿ ಸಿಗುವುದಿಲ್ಲ. ಲೀಗಲ್ ಅಸಿಸ್ಟೆಂಟ್, ಕಂಪ್ಲಯನ್ಸ್ ಎಕ್ಸಿಕ್ಯೂಟಿವ್ ಅಂತ ಹುಡುಕಿ. ಕಂಪನಿ ಕಾನೂನಿನ ಕಾಗದಪತ್ರ ನೋಡಿಕೊಳ್ಳುವ ಕಂಪನಿ ಸೆಕ್ರೆಟರಿಗಳ ಆಫೀಸಿನಲ್ಲೂ ವಿಚಾರಿಸಿ. ಕೋರ್ಟು, ಕರಿ ಕೋಟು ಏನೂ ಇರಲ್ಲ. ತಾರೀಖು ಕಾಯೋದೇ ಮುಖ್ಯ ಕೆಲಸ. ಕಂಪನಿಯ ಷೇರುದಾರರ ವಾರ್ಷಿಕ ಸಭೆ ಸಾಮಾನ್ಯವಾಗಿ ಸೆಪ್ಟೆಂಬರ್ 30ರೊಳಗೆ ಆಗಬೇಕು. ಅಲ್ಲಿಂದ 30 ದಿನದಲ್ಲಿ ಲೆಕ್ಕಪತ್ರದ ಎಒಸಿ-4, 60 ದಿನದಲ್ಲಿ ವಾರ್ಷಿಕ ವಿವರದ ಎಂಜಿಟಿ-7 ಅನ್ನೋ ಫಾರಂಗಳನ್ನು ಸರ್ಕಾರಕ್ಕೆ ಸಲ್ಲಿಸಬೇಕು. ತಡವಾದರೆ ಒಂದೊಂದು ಫಾರಂಗೂ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ಊರೆಲ್ಲ ದಸರಾ ಲೈಟಿಂಗ್ ನೋಡೋಕೆ ಹೊರಟಾಗ ನಾವು ಯಾವ ಡೈರೆಕ್ಟರ್ ಡಿಜಿಟಲ್ ಸಹಿಯ ಅವಧಿ ಮುಗಿದಿದೆ ಅಂತ ನೋಡುತ್ತಾ ಕೂತಿರುತ್ತೇವೆ. ಉಳಿದಂತೆ ಮೀಟಿಂಗ್ ನಡಾವಳಿ, ಬಾಡಿಗೆ ಕರಾರು, ಸ್ಟ್ಯಾಂಪ್ ಪೇಪರು.

ಲಾ ಓದಿದರೆ ಒಳ್ಳೆಯದೇ. ಆದರೆ ಪೂರ್ಣಾವಧಿ ಸಂಬಳದ ಕೆಲಸದಲ್ಲಿ ಇರುವವರು ವಕೀಲಿಕೆ ಮಾಡುವಂತಿಲ್ಲ. ಸನ್ನದು (ವಕೀಲಿಕೆಯ ಪರವಾನಗಿ) ಇದ್ದರೆ ಅಮಾನತಿನಲ್ಲಿಡಬೇಕು. ಇದನ್ನು ಮೊದಲೇ ತಿಳಿದುಕೊಂಡಿರಿ.

ಇನ್ನು ಸಮಾಜದ ಕೆಲಸ. ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ 'ಅರೆ ಕಾನೂನು ಸ್ವಯಂಸೇವಕ'ರನ್ನು ಆರಿಸಿ ತರಬೇತಿ ಕೊಡುತ್ತದೆ. ಇದು 2009ರಲ್ಲಿ ಶುರುವಾದ ಯೋಜನೆ, ಲಾ ಡಿಗ್ರಿ ಬೇಕಿಲ್ಲ. ವಾದ ಮಾಡುವ ಹಾಗಿಲ್ಲ. ಅರ್ಜಿ ಬರೆಯೋದು, ಯಾವ ಕಚೇರಿಗೆ ಹೋಗಬೇಕು ಅಂತ ದಾರಿ ತೋರಿಸೋದು ಅಷ್ಟೆ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ ಅನ್ನೋದೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಕಂಪನಿಯಲ್ಲಿ ಕಲಿತ ಅಭ್ಯಾಸ ಇಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತೆ ಅನ್ನೋದಕ್ಕೆ ಒಂದು ಉದಾಹರಣೆ. ನಾನೂ ಈ ಸ್ವಯಂಸೇವೆ ಮಾಡುತ್ತೇನೆ, ಟಿ. ನರಸೀಪುರದ ಕಡೆಯ ಒಬ್ಬ ಅಜ್ಜಿ ನಮ್ಮ ಹತ್ತಿರ ಬಂದಿದ್ದರು. ಮನೆಯನ್ನು ಮಗನಿಗೆ ದಾನಪತ್ರ ಮಾಡಿಕೊಟ್ಟಿದ್ದರು, ಈಗ ಮಗ ಊಟಕ್ಕೂ ಹಾಕುತ್ತಿಲ್ಲ. "ಬರ್ಕೊಟ್ಟಾಯ್ತಲ್ಲಜ್ಜಿ, ಇನ್ನೇನು ಮಾಡೋಕಾಗುತ್ತೆ" ಅಂತ ಎಲ್ಲರೂ ಕೈ ತೊಳೆದುಕೊಂಡಿದ್ದರಂತೆ. ನಮಗೆ ಕರಾರನ್ನು ಕೊನೇ ಪುಟದವರೆಗೂ ಓದೋದು ರೂಢಿ. ಚಕ್ಕುಬಂದಿಗಿಂತ ಸ್ವಲ್ಪ ಮೇಲೆ ಒಂದು ಸಾಲಿತ್ತು: ಜೀವ ಇರುವವರೆಗೂ ಅನ್ನ, ಬಟ್ಟೆ, ಔಷಧೋಪಚಾರ ನೋಡಿಕೊಳ್ಳತಕ್ಕದ್ದು. ಅದೇ ಬೇಕಾಗಿದ್ದು! 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ ಇಂಥ ಷರತ್ತು ಮುರಿದರೆ ದಾನಪತ್ರವನ್ನೇ ರದ್ದು ಮಾಡಬಹುದು. ಅರ್ಜಿ ಹೋಗಬೇಕಾದ್ದು ಎಸಿ ಸಾಹೇಬರ (ಉಪವಿಭಾಗಾಧಿಕಾರಿ) ಮುಂದೆ. ಹಿರಿಯರಿಗೆ ಆಗದಿದ್ದರೆ ಜೀವನಾಂಶದ ಅರ್ಜಿಯನ್ನು ಅವರು ಒಪ್ಪಿಗೆ ಕೊಟ್ಟ ಬೇರೆಯವರೂ ಹಾಕಬಹುದು. ಅಜ್ಜಿ ಹೆಬ್ಬೆಟ್ಟು ಒತ್ತಿದರು, ಪ್ರತಿ ಪುಟದ ನಕಲು ಇಟ್ಟು, ಸ್ವೀಕೃತಿ ಸೀಲು ಹಾಕಿಸಿಕೊಂಡೆವು. ನೋಟಿಸ್ ಹೋದ ಮೇಲೆ ಮಗ ತಾನಾಗಿಯೇ ರಾಜಿಗೆ ಬಂದ. ಎಲ್ಲ ಪ್ರಕರಣವೂ ಇಷ್ಟು ಸಲೀಸಾಗಿ ಮುಗಿಯಲ್ಲ ಬಿಡಿ.

ಇದರಿಂದ ಸಂಪಾದನೆ ಆಗುತ್ತೆ ಅಂದುಕೊಳ್ಳಬೇಡಿ, ಸಿಗೋದು ಸಣ್ಣ ಗೌರವಧನ. ಜನರ ಹತ್ತಿರ ಕಾಫಿಗೂ ದುಡ್ಡು ತಗೋಬೇಡಿ. ಸ್ವಯಂಸೇವಕರಾಗಿ ಸೇರುವ ಮುಂಚೆ ಕಂಪನಿಗೆ ಬರೆದು ತಿಳಿಸಿ. ನಿಮ್ಮ ಕಂಪನಿಯ ಗುತ್ತಿಗೆ ಕಾರ್ಮಿಕರೇ ದೂರು ಹಿಡಿದು ಬಂದರೆ ನೀವು ಆ ಕಾಗದ ಮುಟ್ಟಬೇಡಿ, ಇನ್ನೊಬ್ಬ ಸ್ವಯಂಸೇವಕರ ಹತ್ತಿರ ಕಳಿಸಿ.

ಕೆಲಸ ಸಿಗುವವರೆಗೂ ಕಾಯಬೇಕಿಲ್ಲ. ಮಂಡ್ಯದ ಪ್ರಾಧಿಕಾರದಲ್ಲಿ ಮುಂದಿನ ಆಯ್ಕೆ ಯಾವಾಗ ಅಂತ ಈಗಲೇ ವಿಚಾರಿಸಿ. ಕಾನೂನು ನೆರವಿನ ಸಹಾಯವಾಣಿ 15100.