ಡ್ಯಾಫೊಡಿಲ್ ಬೇಡ, ಮಳೆ ಲಿಲ್ಲಿ ನೆಡಿ

ಪ್ರಶ್ನೆ: ಬ್ರಿಟನ್‌ನ ವೇಲ್ಸ್‌ನಲ್ಲಿ ಶಾಲೆ ಮಕ್ಕಳು ಹೂವಿನ ಗೆಡ್ಡೆ ನೆಟ್ಟು ಹವಾಮಾನ ಬದಲಾವಣೆ ಕಲಿಯುತ್ತಾರಂತೆ. ನಮ್ಮಲ್ಲೂ ಮಾಡಬಹುದಾ?
– ಶಿಕ್ಷಕಿ, ವಿಜಯಪುರ

ಉತ್ತರ: ಖಂಡಿತ ಮಾಡಿ, ಟೀಚರ್. ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ 2005ರಿಂದ ಇದನ್ನು ನಡೆಸುತ್ತಿದೆ. ಮಕ್ಕಳು ಅಕ್ಟೋಬರ್‌ನಲ್ಲಿ ಡ್ಯಾಫೊಡಿಲ್, ಕ್ರೋಕಸ್ ಎಂಬ ಹೂಗಿಡಗಳ ಗೆಡ್ಡೆ ನೆಟ್ಟು, ಉಷ್ಣಾಂಶ, ಮಳೆ ಎಲ್ಲ ಬರೆದಿಡುತ್ತಾ, ಮೊದಲ ಹೂ ಯಾವತ್ತು ಅರಳಿತು ಅಂತ ಗುರುತು ಹಾಕುತ್ತಾರೆ.

ಆದರೆ ಆ ಗೆಡ್ಡೆಗಳಿಗೆ ವಾರಗಟ್ಟಲೆ ಚಳಿ ಬೇಕು, ವಿಜಯಪುರದಲ್ಲಿ ಅದೆಲ್ಲಿ ಸಿಗುತ್ತೆ? ಸುಮ್ನೆ ದುಡ್ಡು ಹಾಕಬೇಡಿ. ಮಳೆ ಲಿಲ್ಲಿ ತನ್ನಿ. ಗೆಡ್ಡೆ ನೋಡಲು ಥೇಟ್ ಪುಟ್ಟ ಉಳ್ಳಾಗಡ್ಡಿ. ನಮ್ಮ ಎರೆಮಣ್ಣಲ್ಲಿ ನೀರು ಜಾಸ್ತಿ ನಿಲ್ಲುತ್ತೆ ಅಲ್ವಾ, ಮರಳು ಬೆರೆಸಿ ಕುಂಡಕ್ಕೆ ಹಾಕಿ. ಒಳ್ಳೆ ಮಳೆ ಬಿದ್ದ ಕೆಲವೇ ದಿನಕ್ಕೆ ತೆಳು ಕಾಂಡದ ತುದಿಯಲ್ಲಿ ಗುಲಾಬಿ ಬಣ್ಣದ ಮೊಗ್ಗು. ಆ ತಾರೀಖು ಮಕ್ಕಳೇ ಬರೆಯಲಿ. ಹವಾಮಾನ ಬದಲಾಗಿದೆಯಾ ಅಂತ ತಿಳಿಯಲು ವರ್ಷ ವರ್ಷದ ತಾರೀಖು ಹೋಲಿಸಬೇಕು, ಒಂದು ವರ್ಷದ ಲೆಕ್ಕ ಸಾಲದು, ಪುಸ್ತಕವನ್ನು ಮುಂದಿನ ತರಗತಿಗೆ ಕೊಡಿ.